ಮೊದಲ ಸಲ ಮದುವೆ ಫೋಟೊ ತೆಗೆಯುವವರಿಗೆ: ತುಮಕೂರು ಸೀಮೆಯ ಚಪ್ಪರದಿಂದ ಆಲ್ಬಂವರೆಗೆ

"ಹೆಂಗೂ ನಿನ್ ಹತ್ರ ಕ್ಯಾಮೆರಾ ಐತಲ್ಲ, ಅಕ್ಕನ ಮದುವೆಗೆ ನೀನೇ ತೆಗೆದ್ಬಿಡು." ನಮ್ಮ ಕಡೆ ಹೆಚ್ಚಿನವರು ಮದುವೆ ಫೋಟೊಗ್ರಫಿಗೆ ಕಾಲಿಡುವುದು ಇಂಥದ್ದೊಂದು ಮಾತಿನಿಂದ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಛತ್ರ ಗೊತ್ತಾಗಿರುತ್ತದೆ, ಲಗ್ನಪತ್ರಿಕೆ ಅಚ್ಚಾಗಿರುತ್ತದೆ, ಕೈಯಲ್ಲಿ ಒಂದು ತಿಂಗಳೂ ಉಳಿದಿರುವುದಿಲ್ಲ. ಆ ಒಂದು ತಿಂಗಳಲ್ಲಿ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕ್ಯಾಮೆರಾ ಚೆನ್ನಾಗಿ ಬಲ್ಲವರೂ ಮದುವೆಯಲ್ಲಿ ತಡವರಿಸುತ್ತಾರೆ. ಅಲ್ಲಿ ಕೈತಪ್ಪಿಹೋಗುವ ಫೋಟೊಗಳಲ್ಲಿ ಹೆಚ್ಚಿನವು ತಪ್ಪುವುದು ನಿಂತ ಜಾಗ ಸರಿಯಿಲ್ಲದ್ದಕ್ಕೆ. ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು ಎಂದು ಗೊತ್ತಾಗುವುದು ಮನೆಯ ಹಿರಿಯರನ್ನು, ಪುರೋಹಿತರನ್ನು, ವಾಲಗದವರನ್ನು ಕೇಳಿ ತಿಳಿದುಕೊಂಡಾಗ. ತಯಾರಿಯ ಅರ್ಧ ಭಾಗ ಈ ಕೇಳುವ ಕೆಲಸವೇ.

ಒಪ್ಪುವ ಮೊದಲು

ಇದು ನಿಮ್ಮ ಮೊದಲ ಮದುವೆ ಕೆಲಸ ಎಂದು ಎರಡೂ ಮನೆಯವರಿಗೆ ಬಾಯಿಬಿಟ್ಟು ಹೇಳಿ. ಹೇಳಿದ ಮೇಲೂ ನೀವೇ ಬೇಕೆಂದರೆ, ಇನ್ನೊಬ್ಬರನ್ನು ಜೊತೆಗೆ ಇಟ್ಟುಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿಕೊಳ್ಳಿ. ಮುಹೂರ್ತ ಮತ್ತೊಮ್ಮೆ ಬರುವುದಿಲ್ಲ. ಒಂದೇ ಕ್ಯಾಮೆರಾ, ಒಂದೇ ಲೆನ್ಸ್, ಒಬ್ಬರೇ ಮನುಷ್ಯ ಎಂದಾದರೆ ಆ ಜವಾಬ್ದಾರಿ ಹೊರುವುದು ಬೇಡ ಎಂದೇ ನನ್ನ ಅಭಿಪ್ರಾಯ. ಸಾಧ್ಯವಾದರೆ ಮಾಘ, ಫಾಲ್ಗುಣ, ವೈಶಾಖದ ಲಗ್ನಗಳ ಕಾಲದಲ್ಲಿ ಊರಿನ ಅನುಭವಿ ಫೋಟೊಗ್ರಾಫರ್ ಒಬ್ಬರ ಜೊತೆ ಲೈಟ್ ಹಿಡಿಯಲು ಹೋಗಿಬನ್ನಿ. ಆಷಾಢ, ಧನುರ್ಮಾಸಗಳಲ್ಲಿ ಮದುವೆಗಳು ಇರುವುದಿಲ್ಲ. ಆ ದಿನಗಳನ್ನು ಮನೆಯಲ್ಲಿ ಫ್ಲ್ಯಾಷ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ದುಡ್ಡಿನ ಮಾತು ಸಂಬಂಧಿಕರ ಜೊತೆಗಾದರೂ ಮೊದಲೇ ಆಗಿಬಿಡಲಿ. ಎಷ್ಟು ಹೊತ್ತಿನ ಕೆಲಸ, ಚಪ್ಪರದ ದಿನವೂ ಬರಬೇಕೋ ಬೇಡವೋ, ಬೀಗರೂಟದ ದಿನ ಸೇರಿದೆಯೋ ಇಲ್ಲವೋ, ಆಲ್ಬಂ ಯಾರ ಖರ್ಚು, ಫೋಟೊ ಯಾವಾಗ ಕೈಗೆ ಸಿಗುತ್ತದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ.

ಇನ್ನೊಂದು ಮಾತು. ವಧುವಿಗೆ 18, ವರನಿಗೆ 21 ವರ್ಷ ತುಂಬಿರಲೇಬೇಕು. ಅನುಮಾನ ಬಂದರೆ ವಿಚಾರಿಸಿ. ತುಂಬಿಲ್ಲವೆಂದು ಗೊತ್ತಾದರೆ ಕ್ಯಾಮೆರಾ ಎತ್ತಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ನಡೆಸಿದವರ ಜೊತೆಗೆ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಶಿಕ್ಷೆ ಇದೆ. ಕಾಯ್ದೆ ಹಾಗಿರಲಿ, ಒಂದು ಹುಡುಗಿಯ ಬದುಕು ಕಣ್ಣೆದುರು ಹಾಳಾಗುವಾಗ ನಾವು ಲೈಟ್ ಸರಿಮಾಡುತ್ತಾ ನಿಲ್ಲಬಾರದು.

ಶಾಸ್ತ್ರದ ಪಟ್ಟಿ ಬರೆದುಕೊಳ್ಳುವುದು

ಒಂದು ನೋಟ್‌ಬುಕ್ ಹಿಡಿದು ಹೆಣ್ಣಿನ ಮನೆಗೆ ಹೋಗಿ. ಹುಡುಗ ಹುಡುಗಿಗಿಂತ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ, ಶಾಸ್ತ್ರಗಳ ಹಿಂದುಮುಂದು ಗೊತ್ತಿರುವುದು ಅವರಿಗೆ. ಆಮೇಲೆ ಗಂಡಿನ ಮನೆಗೂ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿ. ಒಂದೇ ಜಿಲ್ಲೆಯೊಳಗೇ ಪದ್ಧತಿ ಬದಲಾಗುತ್ತದೆ. ಒಕ್ಕಲಿಗರ ಮನೆಯದೊಂದು ಕ್ರಮ, ಲಿಂಗಾಯತರದೊಂದು, ಬ್ರಾಹ್ಮಣರದೊಂದು. ಪಾವಗಡದ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಹೆಸರುಗಳೇ ಬೇರೆ. ಕುವೆಂಪು ಅವರ ಮಂತ್ರಮಾಂಗಲ್ಯ ಪದ್ಧತಿಯ ಮದುವೆಯಾದರೆ ಪುರೋಹಿತರೂ ಇಲ್ಲ, ಮುಹೂರ್ತವೂ ಇಲ್ಲ. ಎಲ್ಲವೂ ಬೇಗ ಮುಗಿಯುವುದರಿಂದ ಮೊದಲ ನಿಮಿಷದಿಂದಲೇ ನೀವು ಸಿದ್ಧವಿರಬೇಕು.

ಸಾಮಾನ್ಯವಾಗಿ ಪಟ್ಟಿಯಲ್ಲಿ ಬರುವುದು ಇವು: ಚಪ್ಪರ ಹಾಕುವುದು, ಅರಿಶಿನ ಶಾಸ್ತ್ರ, ಬಳೆ ತೊಡಿಸುವುದು, ಗಂಡಿನ ಕಡೆಯವರನ್ನು ಎದುರುಗೊಳ್ಳುವುದು, ವರಪೂಜೆ, ಆರತಕ್ಷತೆ; ಮಾರನೇ ಬೆಳಗ್ಗೆ ಸೋದರಮಾವ ಹುಡುಗಿಯನ್ನು ಕರೆತರುವುದು, ಅಂತರಪಟ, ಜೀರಿಗೆ ಬೆಲ್ಲ, ಮಾಂಗಲ್ಯ ಧಾರಣೆ, ಧಾರೆ, ಕಾಲುಂಗುರ, ಸಪ್ತಪದಿ, ಅರುಂಧತಿ ತೋರಿಸುವುದು; ಕೊನೆಗೆ ಹೆಣ್ಣೊಪ್ಪಿಸುವುದು, ಮನೆ ತುಂಬಿಸಿಕೊಳ್ಳುವುದು. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಎಲ್ಲಿ ನಡೆಯುತ್ತದೆ, ಯಾರು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ. ಧಾರೆ ತಾಳಿಗಿಂತ ಮುಂಚೆಯೋ ಆಮೇಲೋ ಎಂದು ತಪ್ಪದೆ ಕೇಳಿ. ಇದು ಮನೆಯಿಂದ ಮನೆಗೆ ಬೇರೆಯಾಗುತ್ತದೆ, ಗೊತ್ತಿಲ್ಲದಿದ್ದರೆ ನೀವು ನಿಂತ ಜಾಗ ತಲೆಕೆಳಗಾಗುತ್ತದೆ.

ಅದೇ ನೋಟ್‌ಬುಕ್ಕಿನ ಇನ್ನೊಂದು ಪುಟದಲ್ಲಿ ಜನರ ಪಟ್ಟಿ. ಸೋದರಮಾವ ಯಾರು, ಕಳಸ ಹಿಡಿಯುವ ಹುಡುಗಿ ಯಾರು, ಹುಡುಗನ ಅಕ್ಕತಂಗಿಯರು ಯಾರು, ದೂರದಿಂದ ಬರುವ ಹಿರಿಯರು ಯಾರು. ಎರಡೂ ಕಡೆಯಿಂದ ಎಲ್ಲರ ಗುರುತು ಇರುವ ಒಬ್ಬೊಬ್ಬ ಚುರುಕಿನ ಹುಡುಗನನ್ನೋ ಹುಡುಗಿಯನ್ನೋ ಗೊತ್ತುಮಾಡಿಕೊಳ್ಳಿ. ಗ್ರೂಪ್ ಫೋಟೊ ಹೊತ್ತಿನಲ್ಲಿ "ಚಿಕ್ಕಮ್ಮನವರು ಎಲ್ಲಿ?" ಎಂದು ಹುಡುಕಿ ಕರೆತರುವವರು ಅವರೇ.

ಛತ್ರ ನೋಡಿ ಬರುವುದು

ಮದುವೆಗೆ ಒಂದು ವಾರ ಮುಂಚೆ ಛತ್ರಕ್ಕೆ ಹೋಗಿ, ಮುಹೂರ್ತ ಇರುವ ಗಂಟೆಗೇ ಹೋಗಿ. ಬೆಳಗ್ಗೆ ಆರೂವರೆಯ ಲಗ್ನಕ್ಕೂ ನಡುಮಧ್ಯಾಹ್ನದ ಅಭಿಜಿನ್ ಲಗ್ನಕ್ಕೂ ಮಂಟಪದ ಮೇಲೆ ಬೀಳುವ ಬೆಳಕಿನಲ್ಲಿ ಅಜಗಜಾಂತರ. ಕಿಟಕಿ ಯಾವ ಕಡೆ ಇದೆ, ಹೋಮಕುಂಡ ಎಲ್ಲಿ ಇಡುತ್ತಾರೆ, ವೇದಿಕೆಗೆ ಮೆಟ್ಟಿಲು ಎಷ್ಟು ಕಡೆ ಇವೆ, ಪ್ಲಗ್ ಪಾಯಿಂಟ್ ಎಲ್ಲಿವೆ, ನಿಮ್ಮ ಬ್ಯಾಗ್ ಬೀಗ ಹಾಕಿಡಲು ಕೋಣೆ ಕೊಡುತ್ತಾರಾ ಎಂದು ನೋಡಿ, ಕೇಳಿ. ಹಸೆಮಣೆ ಇಡುವ ಜಾಗದಲ್ಲಿ ಯಾರನ್ನಾದರೂ ಕೂರಿಸಿ ನಾಲ್ಕೂ ಕಡೆಯಿಂದ ಒಂದೊಂದು ಫೋಟೊ ತೆಗೆದುಕೊಳ್ಳಿ.

ತಲೆಯೆತ್ತಿ ಸೀಲಿಂಗ್ ನೋಡುವುದನ್ನು ಮರೆಯಬೇಡಿ. ಬಿಳಿ ಸೀಲಿಂಗ್ ಹತ್ತು ಹನ್ನೆರಡು ಅಡಿ ಎತ್ತರದಲ್ಲಿದ್ದರೆ ಫ್ಲ್ಯಾಷ್ ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಬಹುದು, ಅಂದರೆ ಬೆಳಕನ್ನು ಸೀಲಿಂಗಿಗೆ ಬಡಿಸಿ ಕೆಳಗೆ ಬೀಳಿಸಬಹುದು. ದೊಡ್ಡ ಕಲ್ಯಾಣ ಮಂಟಪಗಳಲ್ಲಿ ಸೀಲಿಂಗ್ ತೀರಾ ಎತ್ತರ; ಬೆಳಕು ಕೆಳಗೆ ಬರುವಷ್ಟರಲ್ಲಿ ಸೋತಿರುತ್ತದೆ. ಡೆಕೊರೇಷನ್‌ನವರು ಮೇಲೆ ಗುಲಾಬಿ ಬಟ್ಟೆ ಕಟ್ಟಿದ್ದರಂತೂ ಬೌನ್ಸ್ ಆದ ಬೆಳಕೆಲ್ಲ ಗುಲಾಬಿಯಾಗಿಯೇ ಮುಖಕ್ಕೆ ಬೀಳುತ್ತದೆ. ಅಲ್ಲಿ ಫ್ಲ್ಯಾಷ್ ಅನ್ನು ಸ್ಟ್ಯಾಂಡಿಗೆ ಹಾಕಿ, ಬಿಳಿ ಕೊಡೆ ಕಟ್ಟಿ, ಪಕ್ಕದಿಂದ ಕೊಡುವುದೇ ದಾರಿ.

ದೇವಸ್ಥಾನದಲ್ಲಿ ಮದುವೆಯಾದರೆ, ಯಡಿಯೂರಿನಲ್ಲಾಗಲಿ ದೇವರಾಯನದುರ್ಗದಲ್ಲಾಗಲಿ, ಎಲ್ಲಿಯವರೆಗೆ ಕ್ಯಾಮೆರಾ ಬಿಡುತ್ತಾರೆ ಎಂದು ಮೊದಲೇ ದೇವಸ್ಥಾನದ ಕಚೇರಿಯಲ್ಲಿ ಕೇಳಿ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸಬೇಡಿ. ಒಳ್ಳೆಯ ಲಗ್ನದ ದಿನ ಇಂಥ ಕಡೆ ಒಂದಕ್ಕಿಂತ ಹೆಚ್ಚು ಜೋಡಿಗಳಿರಬಹುದು, ಹಿನ್ನೆಲೆಯಲ್ಲಿ ಬೇರೆಯವರ ಮದುಮಗಳು ಬರದಂತೆ ಕೋನ ನೋಡಿಟ್ಟುಕೊಳ್ಳಿ.

ಬ್ಯಾಗಿನಲ್ಲಿ ಏನಿರಬೇಕು

ಎರಡು ಕ್ಯಾಮೆರಾ. ಒಂದು ಸ್ವಂತದ್ದು, ಒಂದು ಬಾಡಿಗೆಯದಾದರೂ ಸರಿ, ಆದರೆ ಎರಡೂ ಒಂದೇ ಕಂಪನಿಯದಾಗಿರಲಿ. ಲೆನ್ಸು, ಬ್ಯಾಟರಿ ಎರಡಕ್ಕೂ ಹೊಂದುತ್ತವೆಯೇ ನೋಡಿಕೊಳ್ಳಿ, ಹೊಂದಿದರೆ ಅದಲುಬದಲು ಮಾಡಬಹುದು. ಬಾಡಿಗೆ ಕ್ಯಾಮೆರಾವನ್ನು ಎರಡು ದಿನ ಮೊದಲೇ ತಂದು ಕೈ ಪಳಗಿಸಿಕೊಳ್ಳಿ. ಎರಡರ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿ. ಇಲ್ಲದಿದ್ದರೆ ಕಂಪ್ಯೂಟರಿಗೆ ಹಾಕಿದಾಗ ತಾಳಿ ಕಟ್ಟುವುದಕ್ಕಿಂತ ಮೊದಲೇ ಸಪ್ತಪದಿ ಬಂದು ಕೂರುತ್ತದೆ.

ಲೆನ್ಸುಗಳಲ್ಲಿ 24-70 ಎಂಎಂ ಎಫ್ 2.8 ಒಂದಿದ್ದರೆ ಮುಕ್ಕಾಲು ಪಾಲು ಮದುವೆ ಮುಗಿಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು, ಚೂಪಾಗಿ ಕಾಣುವ ಆಳ ಕಡಿಮೆ). ಅದಿಲ್ಲದಿದ್ದರೆ ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್, ಜೊತೆಗೆ 50 ಎಂಎಂ ಎಫ್ 1.8; ಇದು ಅಗ್ಗ, ಮಂದ ಬೆಳಕಿನಲ್ಲಿ ಕೈ ಹಿಡಿಯುತ್ತದೆ. ದೂರದಿಂದ ಮುಖಭಾವ ಹಿಡಿಯಲು 70-200 ಅಥವಾ 85 ಎಂಎಂ ಬಾಡಿಗೆಗೆ ಸಿಕ್ಕರೆ ತನ್ನಿ.

ಮೆಮೊರಿ ಕಾರ್ಡ್ ವಿಷಯದಲ್ಲಿ ಲೆಕ್ಕ ಹೀಗಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೋಟೊ) ಸುಮಾರು 25ರಿಂದ 30 ಎಂಬಿ. 64 ಜಿಬಿ ಕಾರ್ಡಿನಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಹಿಡಿಯುತ್ತವೆ. ಒಂದೇ ದೊಡ್ಡ ಕಾರ್ಡಿಗೆ ಇಡೀ ಮದುವೆ ತುಂಬಿಸಬೇಡಿ. ನಾಲ್ಕು ಕಾರ್ಡಿಗೆ ಹಂಚಿ. ಎರಡು ಸ್ಲಾಟ್ ಇರುವ ಕ್ಯಾಮೆರಾ ಆದರೆ ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಡಿ. ತುಂಬಿದ ಕಾರ್ಡು ಬ್ಯಾಗಿಗೆ ಬೇಡ, ನಿಮ್ಮ ಮೈಮೇಲಿನ ಜಿಪ್ ಜೇಬಿಗೆ ಹೋಗಲಿ.

ಇನ್ನುಳಿದವು: ಫ್ಲ್ಯಾಷ್ ಎರಡು, ರೀಚಾರ್ಜ್ ಆಗುವ ಎಎ ಸೆಲ್ ಮೂರು ಸೆಟ್, ಚಾರ್ಜರ್, ಎಕ್ಸ್‌ಟೆನ್ಷನ್ ಬೋರ್ಡ್, ಲೆನ್ಸ್ ಒರೆಸುವ ಬಟ್ಟೆ, ಗಟ್ಟಿಯಾದ ಮಡಚುವ ಸ್ಟೂಲ್, ಗಮ್ ಟೇಪ್, ನೀರಿನ ಬಾಟಲಿ. ಬಟ್ಟೆ ಸಾದಾ ಇರಲಿ. ಕೆಲವು ಮನೆಗಳಲ್ಲಿ ಶುಭಕಾರ್ಯಕ್ಕೆ ಕಪ್ಪು ಬಟ್ಟೆ ಆಗುವುದಿಲ್ಲ, ಬೂದಿ ಬಣ್ಣವೋ ಕಡುನೀಲಿಯೋ ಆದರೆ ಯಾರಿಗೂ ಕಿರಿಕಿರಿಯಿಲ್ಲ. ಲೇಸ್ ಇಲ್ಲದ ಚಪ್ಪಲಿ ಹಾಕಿಕೊಳ್ಳಿ, ಮಂಟಪ ಹತ್ತುವಾಗಲೆಲ್ಲ ಬಿಡಬೇಕು.

ಚಪ್ಪರದ ದಿನ

ಹೊಸಬರಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಧಾವಂತ ಇರುವುದಿಲ್ಲ, ಜನ ಕಡಿಮೆ, ಮನೆಯವರು ನಿಮ್ಮ ಕ್ಯಾಮೆರಾಕ್ಕೆ ಒಗ್ಗಿಕೊಳ್ಳುತ್ತಾರೆ.

ಒಂದೇ ತೊಡಕು, ಬಣ್ಣ. ತೆಂಗಿನ ಗರಿಯ ಚಪ್ಪರದ ಕೆಳಗೆ ಬೆಳಕು ಹಸಿರಾಗಿರುತ್ತದೆ, ಜೊತೆಗೆ ಗರಿಯ ಸಂದಿಯಿಂದ ಬಿಸಿಲ ಕೋಲುಗಳು ಮುಖದ ಮೇಲೆ ಬಿದ್ದಿರುತ್ತವೆ. ಶಾಮಿಯಾನ ಹಾಕಿದ್ದರೆ ಇನ್ನೂ ಕಷ್ಟ. ನೀಲಿ ಬಟ್ಟೆಯ ಕೆಳಗೆ ಕೂತ ಮದುಮಗಳ ಅರಿಶಿನದ ಕೆನ್ನೆ ಫೋಟೊದಲ್ಲಿ ಕಳೆಗುಂದಿ ಹಸಿರು ತಿರುಗುತ್ತದೆ. ಕೆಂಪು ಬಟ್ಟೆಯಾದರೆ ಅರಿಶಿನ, ಕುಂಕುಮ, ತುಟಿ ಎಲ್ಲವೂ ಒಂದೇ ಬಣ್ಣ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಪೂರ್ತಿ ಸರಿಹೋಗುವುದಿಲ್ಲ. ಆದ್ದರಿಂದ ಅರಿಶಿನದ ಮಣೆಯನ್ನು ಚಪ್ಪರದ ಅಂಚಿಗೆ, ಬಯಲಿನ ಬೆಳಕು ಒಳಗೆ ಬರುವ ಕಡೆಗೆ ಇಡಿಸಲು ಮೊದಲೇ ಕೇಳಿಕೊಳ್ಳಿ. ದಿಕ್ಕಿನ ಶಾಸ್ತ್ರ ಇರುತ್ತದೆ, ಅದನ್ನು ಮುರಿಯದೆ ಎರಡಡಿ ಆಚೀಚೆ ಮಾಡಲು ಯಾರೂ ಬೇಡ ಎನ್ನುವುದಿಲ್ಲ. ಅರಿಶಿನದ ನೀರು ಎರಚಾಡಲು ಶುರುಮಾಡಿದರೆ ಲೆನ್ಸ್ ಬದಲಿಸಬೇಡಿ, ಹಿಂದೆ ಸರಿದು ಉದ್ದದ ಲೆನ್ಸಿನಲ್ಲಿ (70-200ರಂಥದ್ದು) ತೆಗೆಯಿರಿ.

ಆರತಕ್ಷತೆ

ಸಾಲು ನಿಲ್ಲುವ ಮೊದಲೇ ವೇದಿಕೆಯ ಮೇಲೆ ಹುಡುಗ ಹುಡುಗಿ ನಿಲ್ಲುವ ಜಾಗಕ್ಕೆ ಟೇಪಿನ ಗುರುತು ಹಾಕಿ, ಲೈಟ್ ಹೊಂದಿಸಿ, ಒಂದು ಸೆಟ್ಟಿಂಗಿಗೆ ಕ್ಯಾಮೆರಾ ನಿಲ್ಲಿಸಿಬಿಡಿ. ಎಫ್ 5.6, ಐಎಸ್‌ಒ 800, ಶಟರ್ 1/100 ಸೆಕೆಂಡಿನಿಂದ ಶುರುಮಾಡಿ ನೋಡಿ (ಐಎಸ್‌ಒ ಏರಿಸಿದಷ್ಟೂ ಅದೇ ಬೆಳಕಿನಲ್ಲಿ ಫೋಟೊ ಹೆಚ್ಚು ಬೆಳ್ಳಗಾಗುತ್ತದೆ). ಎಫ್ 1.8 ಇಟ್ಟುಕೊಂಡು ಐದು ಜನರ ಗುಂಪು ತೆಗೆದರೆ ಇಬ್ಬರ ಕಣ್ಣು ಮಾತ್ರ ಚೂಪಾಗಿರುತ್ತವೆ.

1/100 ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ತಕ್ಕಂತೆ ಕೆಲವು ಟ್ಯೂಬ್‌ಲೈಟು, ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ವೇಗದ ಶಟರಿಗೆ ಸಿಕ್ಕಿಬಿದ್ದು ಫೋಟೊದಲ್ಲಿ ಅಡ್ಡಪಟ್ಟಿಗಳಾಗುತ್ತವೆ. 1/50 ಅಥವಾ 1/100ರಲ್ಲಿ ಒಂದು ಪೂರ್ತಿ ಮಿನುಗು ಒಳಗೆ ಬರುವುದರಿಂದ ಪಟ್ಟಿ ಬೀಳುವುದಿಲ್ಲ. ಹಿಂದೆ ಎಲ್‌ಇಡಿ ಗೋಡೆ ಹಾಕಿದ್ದರೆ ಅದರ ಲೆಕ್ಕ ಬೇರೆ. ಒಂದೆರಡು ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿ, ಶಟರ್ ಬದಲಿಸಿಕೊಳ್ಳಿ.

ಸಾಲಿನಲ್ಲಿ ಮುಯ್ಯಿ ಕೊಡಲು ಬಂದ ಪ್ರತಿಯೊಬ್ಬರಿಗೂ ಅದೊಂದೇ ಫೋಟೊ. ಎಲ್ಲರಿಗೂ ಎರಡೆರಡು ಕ್ಲಿಕ್ ಕೊಡಿ, ಯಾರಾದರೂ ಕಣ್ಣು ಮುಚ್ಚಿರುತ್ತಾರೆ. ಹೊಲದಿಂದ ನೇರ ಬಂದವರಿಗೂ ಕಾರಿನಲ್ಲಿ ಬಂದವರಿಗೂ ಒಂದೇ ನಗು, ಒಂದೇ ತಾಳ್ಮೆ ಇರಲಿ. ಮೆಟ್ಟಿಲು ಹತ್ತಲಾಗದ ಹಿರಿಯರು ಇದ್ದರೆ, ಊಟದ ಮೊದಲು ಹುಡುಗ ಹುಡುಗಿಯನ್ನೇ ಕೆಳಗೆ ಅವರ ಕುರ್ಚಿಯ ಹತ್ತಿರ ಕರೆತನ್ನಿ.

ಮುಹೂರ್ತದ ಬೆಳಗ್ಗೆ

ಮುಹೂರ್ತಕ್ಕೆ ಎರಡು ಗಂಟೆ ಮೊದಲು ಛತ್ರದಲ್ಲಿರಿ. ಹುಡುಗಿಯ ಕೋಣೆಗೆ ಕೇಳಿಯೇ ಹೋಗಿ. ಸೀರೆ ಉಟ್ಟು ಮುಗಿದ ಮೇಲೆ ಒಡವೆ ಹಾಕಿಕೊಳ್ಳುವ, ಹೂ ಮುಡಿಯುವ ಹೊತ್ತಿಗೆ ಕರೆಯಲು ಹೇಳಿ. ಜೊತೆಗಾರರಲ್ಲಿ ಹೆಣ್ಣುಮಗಳೊಬ್ಬಳು ಇದ್ದರೆ ಈ ಭಾಗವನ್ನು ಅವಳಿಗೇ ಬಿಡಿ.

ಮೂವರ ಜೊತೆ ಮಾತಾಡಿ. ಪುರೋಹಿತರಿಗೆ, ಅಥವಾ ಲಿಂಗಾಯತರ ಮನೆಯಾದರೆ ಐನೋರಿಗೆ, ಕೈಮುಗಿದು "ನಾನು ಎಲ್ಲಿ ನಿಂತರೆ ನಿಮಗೆ ಅಡ್ಡಿಯಾಗಲ್ಲ?" ಎಂದು ಕೇಳಿ. ಹೀಗೆ ಕೇಳಿದವರಿಗೆ ಅವರೇ ಮುಂದಾಗಿ "ಈಗ ತಾಳಿ ಕಟ್ಟಿಸ್ತೀನಪ್ಪ, ಬಾ" ಎಂದು ಕರೆಯುತ್ತಾರೆ. ವಿಡಿಯೊದವರ ಜೊತೆ ಯಾರು ಎಡಕ್ಕೆ, ಯಾರು ಬಲಕ್ಕೆ ಎಂದು ತೀರ್ಮಾನಿಸಿ. ಅವರ ಲೈಟು ಹಳದಿಯೋ ಬಿಳಿಯೋ ನೋಡಿ. ಹಳದಿಯಾದರೆ ನಿಮ್ಮ ಫ್ಲ್ಯಾಷಿಗೂ ಕಿತ್ತಳೆ ಜೆಲ್ (ಬೆಳಕು ಹಾಯುವ ಬಣ್ಣದ ತೆಳು ಹಾಳೆ) ಹಾಕಿದಾಗ ಬಣ್ಣ ಹೊಂದುತ್ತದೆ. ಮೂರನೆಯವರು ವಾಲಗದವರು. ಗಟ್ಟಿಮೇಳಕ್ಕೆ ಪುರೋಹಿತರ ಕೈಸನ್ನೆ ಮೊದಲು ಕಾಣುವುದು ಅವರಿಗೆ. ನೀವು ನಿಂತಲ್ಲಿಂದ ಡೋಲಿನವರ ಕೈ ಕಾಣುತ್ತಿರಲಿ.

ಈಗ ತಾಳಿ. ಮಾಂಗಲ್ಯವನ್ನು ತಟ್ಟೆಯಲ್ಲಿ ತೆಂಗಿನಕಾಯಿಯ ಮೇಲಿಟ್ಟು ಹಿರಿಯರ ಕೈಗೆ ಮುಟ್ಟಿಸಲು ಸಭೆಯೊಳಗೆ ಒಯ್ಯುತ್ತಾರೆ. ಆ ತಟ್ಟೆ ಕೆಳಗಿಳಿಯಿತೆಂದರೆ ನಿಮಗೆ ಸಿಕ್ಕಿರುವುದು ಕೆಲವೇ ನಿಮಿಷ. ಮುಟ್ಟಿ ನಮಸ್ಕರಿಸುವ ಮುದಿ ಕೈಗಳ ಒಂದು ಫೋಟೊ ತೆಗೆದು, ಕೂಡಲೇ ವಾಪಸ್ ಬನ್ನಿ. ಬ್ಯಾಟರಿ ನೋಡಿ, ಕಾರ್ಡಿನಲ್ಲಿ ಜಾಗ ನೋಡಿ, ಲೆನ್ಸ್ ಒರೆಸಿ. ಹುಡುಗಿಯ ಮುಖಕ್ಕೆ ಓರೆಯಾಗಿ ಎದುರು, ಪುರೋಹಿತರು ಕೂತ ಬದಿಗೆ ವಿರುದ್ಧವಾಗಿ ಸ್ಟೂಲ್ ಹಾಕಿ ನಿಲ್ಲಿ. ಅಲ್ಲಿಂದ ಹುಡುಗಿಯ ಮುಖ, ಹುಡುಗನ ಕೈ ಎರಡೂ ಕಾಣಬೇಕು. ತಟ್ಟೆ ಮೇಲೆ ಬರುತ್ತಲೇ ನೆಂಟರೆಲ್ಲ ಅಕ್ಷತೆ ಹಿಡಿದು ಎದ್ದು ಮುಂದೆ ನುಗ್ಗುತ್ತಾರೆ, ಆಮೇಲೆ ಜಾಗ ಬದಲಿಸಲು ಆಗುವುದಿಲ್ಲ.

ಕ್ಯಾಮೆರಾ ಮ್ಯಾನುಯಲ್‌ನಲ್ಲಿರಲಿ. ಎಫ್ 4, 1/200 (ಟ್ಯೂಬ್‌ಲೈಟಿನ ಪಟ್ಟಿ ಬೀಳುತ್ತಿದ್ದರೆ 1/100ಕ್ಕೆ ಇಳಿಸಿ), ಐಎಸ್‌ಒ 1600 ಆಸುಪಾಸು. ಫ್ಲ್ಯಾಷ್ 1/8 ಶಕ್ತಿಗೆ. ಪೂರ್ತಿ ಶಕ್ತಿಗೆ ಇಟ್ಟರೆ ಒಂದು ಸಲ ಹೊಡೆದು ಮತ್ತೆ ಚಾರ್ಜ್ ಆಗುವಷ್ಟರಲ್ಲಿ ಮೂರು ಗಂಟೂ ಬಿದ್ದಿರುತ್ತವೆ. 1/8ಕ್ಕೆ ಇಟ್ಟು ಐಎಸ್‌ಒ ಏರಿಸಿದರೆ ಸಾಲಾಗಿ ಹೊಡೆಯುತ್ತಲೇ ಇರುತ್ತದೆ. ಬಿಳಿ ಪಂಚೆ, ಬಿಳಿ ಶಲ್ಯ, ಕೆಂಪಂಚಿನ ಬಿಳಿ ಧಾರೆ ಸೀರೆ ಇದ್ದರೆ ಎಕ್ಸ್‌ಪೋಷರ್ ಬಟ್ಟೆಗೆ ಹೊಂದಿಸಿ. ನೆರಳಿನ ಮುಖವನ್ನು ರಾ ಫೈಲಿನಲ್ಲಿ ಎತ್ತಬಹುದು, ಸುಟ್ಟುಹೋದ ಬಿಳಿಯಲ್ಲಿ ಜರಿ ಮತ್ತೆ ಮೂಡುವುದಿಲ್ಲ.

"ಮಾಂಗಲ್ಯಂ ತಂತುನಾನೇನ" ಶುರುವಾಯಿತು, ಪುರೋಹಿತರ ಕೈ ಮೇಲೆ ಹೋಯಿತು, ಗಟ್ಟಿಮೇಳ. ಹುಡುಗನ ತಂಗಿ ಜಡೆ ಎತ್ತಿ ಹಿಡಿಯುತ್ತಾಳೆ, ಹುಡುಗನ ಕೈ ಹುಡುಗಿಯ ಕತ್ತಿನ ಹಿಂದೆ ಹೋಗುತ್ತದೆ. ಹುಡುಗಿ ಕಣ್ಣು ಮುಚ್ಚುವುದು, ತುಟಿ ಕಚ್ಚುವುದು, ಒಮ್ಮೆ ತಲೆಯೆತ್ತಿ ಅಪ್ಪನನ್ನು ಹುಡುಕುವುದು ಎಲ್ಲವೂ ಈ ಕೆಲವು ಕ್ಷಣಗಳಲ್ಲೇ. ಫೋಕಸ್ ಅವಳ ಕಣ್ಣಿನ ಮೇಲಿರಲಿ, ಗಂಟಿನ ಮೇಲೆ ಬೇಡ. ಮೂರನೇ ಗಂಟು ಬಿದ್ದ ಕೂಡಲೇ ಕ್ಯಾಮೆರಾ ಅಪ್ಪ ಅಮ್ಮನ ಕಡೆ ತಿರುಗಿಸಿ. ಸೆರಗಿನ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ ಮುಂದಿನ ಗಳಿಗೆಯಲ್ಲಿ ಯಾರದೋ ಮಾತಿಗೆ ನಗುತ್ತಿರುತ್ತಾಳೆ.

ಫೋಟೊ ಸಿಗಲಿಲ್ಲವೆಂದು "ಇನ್ನೊಂದ್ಸಲ ಕಟ್ಟಿ" ಎನ್ನಬೇಡಿ. ಎಂದೂ ಅನ್ನಬೇಡಿ. ಮಂತ್ರ ನಿಲ್ಲಿಸಿ ಹುಡುಗನ ಕೈ ಹಿಡಿಸಿ ಪೋಸ್ ಕೊಡಿಸುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕಾಗಿಯೇ ಜೊತೆಯವರೊಬ್ಬರು ಇನ್ನೊಂದು ಬದಿಯಲ್ಲಿ ನಿಂತಿರಬೇಕು ಎಂದದ್ದು.

ಧಾರೆಯಲ್ಲಿ ಉಸಿರಾಡಲು ಸಮಯವಿದೆ. ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಹಾಲು ಎರೆಯುತ್ತಾರೆ. ಹರಿಯುವ ಹಾಲು ಎರಡು ಮೂರು ಫೋಟೊದಲ್ಲಿ ಸಾಕು, ಉಳಿದದ್ದೆಲ್ಲ ಎರೆಯುವವರ ಮುಖ ಇರಲಿ. ಹೋಮದ ಎದುರು ನಿಂತಾಗ ಹೊಗೆ ಯಾವ ಕಡೆ ಹೋಗುತ್ತಿದೆ ನೋಡಿ, ಅದರ ಎದುರು ಫ್ಲ್ಯಾಷ್ ಹೊಡೆದರೆ ಬರೀ ಬಿಳಿ ಮೋಡ. ಕಳಸ, ರಂಗೋಲಿ, ಪೂಜೆ ಸಾಮಾನುಗಳನ್ನು ದಾಟಿ ಹೋಗಬೇಡಿ, ಸುತ್ತಿಬನ್ನಿ.

ಇಷ್ಟರ ನಡುವೆ ಒಮ್ಮೆ ಸಭೆಯ ಹಿಂದಿನ ಸಾಲಿಗೆ ಹೋಗಿ. ಗಂಡ ತೀರಿಕೊಂಡ ಅಜ್ಜಿಯೋ ಅತ್ತೆಯೋ ಶಾಸ್ತ್ರದ ಹತ್ತಿರ ಬರಬಾರದೆಂದು ಕಂಬದ ಪಕ್ಕ ಕೂತಿರುತ್ತಾರೆ. ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ ಇರಬಹುದು. ಆಲ್ಬಂನಲ್ಲಿ ಅವರು ಎಲ್ಲೂ ಇಲ್ಲದಿರುವುದು ಎಷ್ಟೋ ಮನೆಗಳಲ್ಲಿ ನಡೆದಿದೆ. ಅವರು ಮಂಟಪದ ಕಡೆ ನೋಡುತ್ತಿರುವಾಗ ಒಂದು ಫೋಟೊ ತೆಗೆಯಿರಿ. ಶಾಸ್ತ್ರ ಮುಗಿದ ಮೇಲೆ ಹುಡುಗಿಗೆ ಹೇಳಿ, ಅವಳನ್ನೇ ಅಜ್ಜಿಯ ಹತ್ತಿರ ಕರೆದೊಯ್ದು ಇಬ್ಬರದೂ ಇನ್ನೊಂದು ತೆಗೆಯಿರಿ. ಇದನ್ನು ಯಾರೂ ನಿಮ್ಮ ಪಟ್ಟಿಯಲ್ಲಿ ಬರೆಸಿರುವುದಿಲ್ಲ, ನೀವೇ ಬರೆದುಕೊಳ್ಳಿ.

ಗ್ರೂಪ್ ಫೋಟೊ, ಊಟ, ಹೆಣ್ಣೊಪ್ಪಿಸುವುದು

ಗ್ರೂಪ್ ಫೋಟೊ ಊಟಕ್ಕೆ ಮುಂಚೆ ಮುಗಿಯಬೇಕು. ಎಲೆ ಹಾಕಿದರೆಂದರೆ ಯಾರೂ ಸಿಗುವುದಿಲ್ಲ. ದೊಡ್ಡ ಗುಂಪು ಮೊದಲು, ಆಮೇಲೆ ಕಡಿಮೆ ಮಾಡುತ್ತಾ ಬನ್ನಿ. ಮೂರು ಸಾಲಿದ್ದರೆ ಎಫ್ 8. ಹಾರ ಹಾಕಿಕೊಂಡ ಜೋಡಿಯ, ಇಬ್ಬರ ಮುಖವೂ ನೇರವಾಗಿ ಕಾಣುವ ಒಂದು ಸ್ಪಷ್ಟ ಫೋಟೊ ಬೇರೆಯಾಗಿ ತೆಗೆದಿಡಿ. ಮದುವೆ ನೋಂದಣಿಗೆ ಲಗ್ನಪತ್ರಿಕೆಯ ಜೊತೆ ಅದು ಬೇಕಾಗುತ್ತದೆ, ಅದನ್ನು ಆ ವಾರವೇ ಕೊಟ್ಟುಬಿಡಿ. ಪಂಕ್ತಿಯಲ್ಲಿ ಕೂತವರನ್ನು ತುತ್ತು ಬಾಯಿಗಿಡುವಾಗ ತೆಗೆಯಬೇಡಿ. ಬಡಿಸುವವರನ್ನು, ಅಡುಗೆಮನೆಯ ಒಲೆಯ ಮುಂದೆ ಇರುವವರನ್ನು ತೆಗೆಯಿರಿ. ನೀವೂ ಊಟ ಮಾಡಿ. ಹೆಣ್ಣೊಪ್ಪಿಸುವಾಗ ಫ್ಲ್ಯಾಷ್ ಆರಿಸಿ, ಉದ್ದದ ಲೆನ್ಸ್ ಹಾಕಿ, ದೂರ ನಿಲ್ಲಿ. ಅಲ್ಲಿ ನಿಮ್ಮ ಮಾತು, ಬೆಳಕು ಎರಡೂ ಬೇಡ.

ಮನೆಗೆ ಬಂದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ಅಂದೇ ರಾತ್ರಿ ಎಲ್ಲ ಕಾರ್ಡುಗಳನ್ನೂ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿ. ಎರಡರಲ್ಲೂ ಫೋಟೊಗಳು ತೆರೆಯುತ್ತವೆಯೇ ನೋಡಿ. ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ. ಆಲ್ಬಂ ಕೊಡುವವರೆಗೂ ಆ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡದಿದ್ದರೆ ಇನ್ನೂ ಒಳ್ಳೆಯದು.

ಆರಿಸುವಾಗ ಕಣ್ಣು ಮುಚ್ಚಿದವು, ಅಲುಗಿದವು, ಒಂದೇ ರೀತಿಯವು ಮೊದಲು ಹೋಗಲಿ. ಆದರೆ ಒಬ್ಬ ಹಿರಿಯರ ಒಂದೇ ಒಂದು ಫೋಟೊ ಇದ್ದು, ಅದು ಸ್ವಲ್ಪ ಅಲುಗಿದ್ದರೂ ಇಟ್ಟುಕೊಳ್ಳಿ. ಮೈಬಣ್ಣ ಬೆಳ್ಳಗೆ ಮಾಡಲು ಹೋಗಬೇಡಿ, ಅವರವರ ಬಣ್ಣ ಅವರವರಿಗೆ ಚೆಂದ. ಮನೆಯವರನ್ನು ಕೇಳದೆ ಇನ್‌ಸ್ಟಾಗ್ರಾಂಗೆ ಒಂದನ್ನೂ ಹಾಕಬೇಡಿ.

ಕರಿಜ್ಮಾ ಆಲ್ಬಂ (ಫೋಟೊಗಳನ್ನು ಜೋಡಿಸಿ ದಪ್ಪ ಹಾಳೆಗಳ ಮೇಲೆಯೇ ಅಚ್ಚು ಹಾಕಿಸುವ ಆಲ್ಬಂ) ಮಾಡಿಸುವುದಾದರೆ ನಮ್ಮಲ್ಲಿ 12×36 ಇಂಚಿನ ಹಾಳೆ ಹೆಚ್ಚು ಬಳಕೆಯಲ್ಲಿದೆ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಅದಕ್ಕೆ 10800×3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಫೋಟೊದ ಅಗಲ 6000 ಪಿಕ್ಸೆಲ್ ಮಾತ್ರ. ಆದ್ದರಿಂದ ಒಂದೇ ಫೋಟೊವನ್ನು ಇಡೀ ಹಾಳೆಗೆ ಎಳೆಯುವುದು ಒಂದೆರಡು ಕಡೆ ಸಾಕು. ಹಾಳೆ ಮಡಚುವ ನಡುಗೆರೆಯ ಮೇಲೆ ಯಾರ ಮುಖವೂ ಬರದಿರಲಿ. ಅಚ್ಚಿಗೆ ಹಾಕುವ ಮೊದಲು ಎರಡೂ ಮನೆಯವರಿಗೆ ವಿನ್ಯಾಸ ತೋರಿಸಿ, ಹೆಸರುಗಳ ಕಾಗುಣಿತ ನೋಡಿಸಿ, ಬಿಟ್ಟುಹೋದ ನೆಂಟರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಆಲ್ಬಂ ಕೊಟ್ಟ ಮೇಲೂ ಮೂಲ ಫೈಲುಗಳನ್ನು ಕಡೇಪಕ್ಷ ಒಂದು ವರ್ಷ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಇರುತ್ತವೆ ಎಂದು ಅವರಿಗೂ ತಿಳಿಸಿ.